ಹೊಳೆಗೆ ಹರಿಸಿದ ಖರ್ಚು

‘ತುಂಗಾ ಪಾನ, ಗಂಗಾ ಸ್ನಾನ’ ಎಂಬ ನಾಣ್ನುಡಿಯನ್ನು ಕೇಳುತ್ತಲೇ ಬೆಳೆದವರು ನಾವು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ದೇಶದ 351 ಕಲುಷಿತ ನದೀಭಾಗಗಳನ್ನು ಗುರುತಿಸಿದಾಗ, ಶಿವಮೊಗ್ಗದಿಂದ ಕೂಡಲಿಯವರೆಗಿನ ತುಂಗೆಯೂ ಭದ್ರಾವತಿಯಿಂದ ಹೊಳೆಹೊನ್ನೂರಿನವರೆಗಿನ ಭದ್ರೆಯೂ ಆ ಪಟ್ಟಿಯಲ್ಲಿದ್ದವು. ಕುಡಿಯುವ ನೀರಿಗೇ ಹೆಸರಾದ ನದಿಗೆ ಬಂದ ಗತಿಯಿದು.

ಭದ್ರೆ ಕೆಟ್ಟಳೆಂದರೆ ಕಾರ್ಖಾನೆಗಳತ್ತ ಬೆರಳು ತೋರಿಸುವುದು ರೂಢಿ. ಆದರೆ ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತ ಬಳಿಕ ಹೊರಬಂದ ಪಟ್ಟಿಯಲ್ಲಿಯೂ ಆಕೆ ಇದ್ದಳು. ದೇಶದ ನದಿಗಳನ್ನು ಹೆಚ್ಚಾಗಿ ಕೆಡಿಸುತ್ತಿರುವುದು ಊರುಗಳ ಶುದ್ಧೀಕರಿಸದ ಕೊಳಚೆ ನೀರು. ಅರ್ಥಾತ್, ನಮ್ಮ ನಿಮ್ಮ ಮನೆಗಳ ನೀರು.

ಸರ್ಕಾರದ ಬಳಿ ನೀತಿಯಿಲ್ಲವೆನ್ನಲಾಗದು. ಸಾರ್ವಜನಿಕ ಆರೋಗ್ಯದ ಸುಧಾರಣೆ ರಾಜ್ಯದ ಕರ್ತವ್ಯವೆಂದು ಸಂವಿಧಾನದ 47ನೇ ವಿಧಿ ಸಾರುತ್ತದೆ. ಜಲಮಾಲಿನ್ಯ ತಡೆಯುವ ಕಾಯಿದೆ 1974ರಲ್ಲಿಯೇ ಬಂದಿತು. 1992ರ 74ನೇ ತಿದ್ದುಪಡಿಯು ನೈರ್ಮಲ್ಯವನ್ನು ನಗರಾಡಳಿತಗಳಿಗೆ ವಹಿಸಬಹುದಾದ ಕಾರ್ಯಗಳಲ್ಲಿ ಸೇರಿಸಿತು. 2015ರಲ್ಲಿ ಆರಂಭವಾದ ಸ್ಮಾರ್ಟ್ ಸಿಟಿ ಯೋಜನೆಗೆ ಶಿವಮೊಗ್ಗ 2016ರಲ್ಲಿ ಆಯ್ಕೆಯಾಯಿತು. ನಗರವೊಂದಕ್ಕೆ ಕೇಂದ್ರದಿಂದ 500 ಕೋಟಿ ರೂಪಾಯಿ, ರಾಜ್ಯದ ಕಡೆಯಿಂದ ಅಷ್ಟೇ ಮೊತ್ತ ಎಂಬುದು ಅದರ ಲೆಕ್ಕಾಚಾರ. 2025ರ ಮಾರ್ಚ್‌ನಲ್ಲಿ ಆ ಯೋಜನೆ ಮುಗಿಯಿತು.

ಯೋಜನೆ ಮುಗಿಯುತ್ತದೆ, ಖರ್ಚು ಮುಗಿಯುವುದಿಲ್ಲ. ಶುದ್ಧೀಕರಣ ಘಟಕವನ್ನು ಕಟ್ಟುವ ಹಣ ಒಮ್ಮೆ ಬರುತ್ತದೆ. ಅದರ ವಿದ್ಯುತ್ತು, ದುರಸ್ತಿ, ಸಿಬ್ಬಂದಿಯ ಸಂಬಳಗಳಿಗೆ ಪ್ರತಿ ತಿಂಗಳೂ ಹಣ ಬೇಕು. ಉದ್ಘಾಟನೆಗೆ ಶಿಲಾಫಲಕವುಂಟು, ನಿರ್ವಹಣೆಗೆ ಯಾವ ಫಲಕವೂ ಇಲ್ಲ.

‘ತೆರಿಗೆ ಕೊಟ್ಟಿದ್ದೇವೆ, ಮತ್ತೇಕೆ ಶುಲ್ಕ?’ ಎಂಬ ಪ್ರಶ್ನೆ ಅನ್ಯಾಯದ್ದಲ್ಲ. ದಿನಗೂಲಿಯವನಿಗೂ ದೊಡ್ಡ ವಸತಿಗೃಹಕ್ಕೂ ಒಂದೇ ದರ ಸಲ್ಲದು. ಆದರೆ ಒಂದು ತತ್ತ್ವವನ್ನು ಮರೆಯಬಾರದು: ಮಾಡಬೇಕಾದ ಖರ್ಚನ್ನು ಮಾಡದಿದ್ದರೆ ಅದು ಇಲ್ಲವಾಗುವುದಿಲ್ಲ, ಬೇರೊಬ್ಬರ ಲೆಕ್ಕಕ್ಕೆ ವರ್ಗವಾಗುತ್ತದೆ. ಮಹಾನಗರಪಾಲಿಕೆ, ನಗರಸಭೆಗಳ ಆಯವ್ಯಯದಲ್ಲಿ ಉಳಿಸಿದ ಹಣವನ್ನು ಕೆಳದಂಡೆಯ ಹಳ್ಳಿಯವರು ಔಷಧದಂಗಡಿಯಲ್ಲಿಯೂ ಕಳೆದುಹೋದ ಕೂಲಿಯಲ್ಲಿಯೂ ತೆರಬೇಕಾಗುತ್ತದೆ. ಅದಕ್ಕೆ ರಸೀದಿಯೂ ಇಲ್ಲ, ಲೆಕ್ಕಪರಿಶೋಧನೆಯೂ ಇಲ್ಲ.

ಲಂಡನ್ನಿನ ಬಡವರು ಕಾಲರಾದಿಂದ ಸಾಯುತ್ತಿದ್ದಾಗ ಒಳಚರಂಡಿಯ ಖರ್ಚು ದುಬಾರಿಯೆನಿಸಿತ್ತು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ಸಂಸತ್ ಭವನದ ಕಿಟಕಿಗಳನ್ನೇ ಹೊಕ್ಕಾಗ ಕಾನೂನು ಕೆಲವೇ ವಾರಗಳಲ್ಲಿ ಸಿದ್ಧವಾಯಿತು. ವಾಸನೆ ಅಧಿಕಾರದ ಮೂಗಿಗೆ ತಲುಪುವವರೆಗೆ ನಾವೂ ಕಾಯಬೇಕೆ?

ನಮ್ಮ ಕುಟುಂಬಗಳು ಮಾಡಬಹುದಾದುದು ಇಷ್ಟಿದೆ: ಹಸಿ ಕಸ, ಒಣ ಕಸಗಳನ್ನು ಬೇರ್ಪಡಿಸಿ ಕೊಡುವುದು, ಮಳೆನೀರಿನ ಚರಂಡಿಗೆ ಶೌಚದ ಕೊಳವೆಯನ್ನು ಜೋಡಿಸದಿರುವುದು, ನ್ಯಾಯವಾದ ಶುಲ್ಕವನ್ನು ಸಕಾಲದಲ್ಲಿ ಕಟ್ಟುವುದು. ಕಟ್ಟಿದ ಮೇಲೆ, ಘಟಕ ಈ ತಿಂಗಳು ಎಷ್ಟು ದಿನ ನಡೆಯಿತೆಂದು ಅಧಿಕಾರಿಗಳನ್ನು ಕೇಳುವುದು. ಶುಲ್ಕ ತೆತ್ತವರ ಪ್ರಶ್ನೆಗೆ ತೂಕ ಹೆಚ್ಚು.

ನೆರೆಯವರೆಂದರೆ ಪಕ್ಕದ ಮನೆಯವರಷ್ಟೇ ಅಲ್ಲ. ತುಂಗೆಯೂ ಭದ್ರೆಯೂ ಕೂಡುವ ಕೂಡಲಿಯಲ್ಲಿ ಬೊಗಸೆಯೊಡ್ಡಿ ನಿಂತವರೂ ನಮ್ಮ ನೆರೆಯವರೇ.