ಮಗುವಿನೊಡನೆ ಮೈಸೂರು ಮೃಗಾಲಯ

ವಯನಾಡಿನ ನಮ್ಮವರಿಗೆ ಮೈಸೂರು ಹೊಸ ಊರೇನಲ್ಲ. ಮದುವೆಯ ಸೀರೆ ಕೊಳ್ಳಲು, ವೈದ್ಯರಿಗೆ ತೋರಿಸಲು, ಮಕ್ಕಳನ್ನು ಕಾಲೇಜಿಗೆ ಸೇರಿಸಲು, ನೆಂಟರ ಮನೆಯ ಶುಭಕಾರ್ಯಕ್ಕೆ ಎಂದು ವರ್ಷಕ್ಕೆ ನಾಲ್ಕಾರು ಸಲವಾದರೂ ಹೋಗಿಬರುತ್ತೇವೆ. ಎಲ್ಲ ಕೆಲಸ ಮುಗಿದ ಮೇಲೆ, "ಪಾಪ, ಮಗು ಬಂದಿದೆಯಲ್ಲ, ಝೂ ತೋರಿಸಿಬಿಡೋಣ" ಎಂದು ಸಂಜೆ ನಾಲ್ಕು ಗಂಟೆಗೆ ಓಡುವುದು ವಾಡಿಕೆ. ಐದೂವರೆಗೆ ಮುಚ್ಚುವ ಜಾಗ ಅದು. ಅಷ್ಟು ಹೊತ್ತಿಗೆ ಮಗು ಹೆಗಲ ಮೇಲೆ ನಿದ್ದೆ ಹೋಗಿರುತ್ತದೆ. ದೊಡ್ಡವರು ಹುಲಿ ನೋಡಿಕೊಂಡು ಬರುತ್ತೇವೆ!

ಈ ಸಲ ನಾವು ಬೇರೆ ಕೆಲಸ ಒಂದನ್ನೂ ಇಟ್ಟುಕೊಳ್ಳಲಿಲ್ಲ. ದೀಪಾವಳಿಯ ಲೆಕ್ಕಪೂಜೆ ಮುಗಿದಿತ್ತು, ಕಾಫಿ ಕಾಳುಮೆಣಸಿನ ಗಡಿಬಿಡಿ ಇನ್ನೂ ಶುರುವಾಗಿರಲಿಲ್ಲ. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಎರಡೂವರೆ ವರ್ಷದ ಮಗನನ್ನೂ ನಮ್ಮ ತಾಯಿಯವರನ್ನೂ ಕರೆದುಕೊಂಡು ಬತ್ತೇರಿಯಿಂದ ನಸುಕಿನಲ್ಲೇ ಹೊರಟೆವು. ಮೈಸೂರಿಗೆ ಸುಮಾರು 115 ಕಿಲೋಮೀಟರ್. ಬಂಡೀಪುರ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರವಿಲ್ಲ. ಆರಕ್ಕೆ ಗೇಟು ತೆಗೆಯುವ ಹೊತ್ತಿಗೆ ಅಲ್ಲಿದ್ದೆವು. ಈ ಗೇಟಿನ ವಿಷಯದಲ್ಲಿ ವ್ಯಾಪಾರಿಗಳಾದ ನಮಗೆ ಗೊಣಗಾಟ ಇಲ್ಲದಿಲ್ಲ. ಲಾರಿ ನಿಂತರೆ ಬಾಡಿಗೆ ಏರುತ್ತದೆ. ಹಗಲಿನಲ್ಲೂ ಮುಚ್ಚುತ್ತಾರೆಂಬ ಮಾತು ಬಂದಾಗ, 2019ರಲ್ಲಿ, ಬತ್ತೇರಿಯ ಬೀದಿಯಲ್ಲಿ ಎಷ್ಟು ಜನ ಸೇರಿದ್ದರೆಂದು ನಮ್ಮವರಿಗೆ ನೆನಪಿರಬಹುದು. ಆದರೆ ಮೂಲೆಹೊಳೆ ದಾಟಿದ ಮೇಲೆ ಮಂಜಿನಲ್ಲಿ ಚುಕ್ಕೆಜಿಂಕೆಗಳ ಹಿಂಡು ರಸ್ತೆಯಂಚಿಗೆ ಬಂದು ನಿಂತಿದ್ದನ್ನು ಕಂಡು ಕಾರಿನೊಳಗೆ ಎಲ್ಲರೂ ಸುಮ್ಮನಾದೆವು. ರಾತ್ರಿಯೆಲ್ಲ ಆ ರಸ್ತೆ ಅವುಗಳದೇ ಆಗಿತ್ತಲ್ಲ.

ಮೈಸೂರು ಮೃಗಾಲಯ 1892ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಆರಂಭವಾದದ್ದು. 1909ರಲ್ಲಿ ಅವರದೇ ಹೆಸರು ಬಂತು. ದೇಶದ ಹಳೆಯ ಮೃಗಾಲಯಗಳಲ್ಲೊಂದು. ಮಂಗಳವಾರ ರಜೆ, ಇದನ್ನು ಮರೆತು ದೂರದಿಂದ ಬಂದು ಗೇಟಿನೆದುರು ಪೆಚ್ಚಾಗಿ ನಿಲ್ಲುವವರು ಈಗಲೂ ಇದ್ದಾರೆ. ಬೆಳಿಗ್ಗೆ ಎಂಟೂವರೆಗೆ ತೆರೆಯುತ್ತದೆ. ಬಿಸಿಲೇರುವ ಮುಂಚೆ ಪ್ರಾಣಿಗಳು ಓಡಾಡುತ್ತಿರುತ್ತವೆ, ಮಗುವಿಗೂ ಹುರುಪಿರುತ್ತದೆ. ಹನ್ನೆರಡು ಹೊಡೆದರೆ ಎರಡೂ ಪಕ್ಷದವರು ನೆರಳು ಹುಡುಕುತ್ತಾರೆ.

ಮಗ ಮೊದಲು ಕಂಡದ್ದು ಜಿರಾಫೆಯನ್ನಲ್ಲ, ಅದರ ಕಾಲನ್ನು. ಎತ್ತಿಕೊಂಡು ತೋರಿಸಿದ ಮೇಲೆ ಅವನ ನೋಟ ನಿಧಾನವಾಗಿ ಮೇಲೇರಿತು, ಇನ್ನೂ ಏರಿತು. ಬಾಯಿ ತೆರೆದಿತ್ತು. ಮನೆಯಲ್ಲಿರುವ ಚಿತ್ರದ ಪುಸ್ತಕದಲ್ಲಿ ಒಂದು ಪುಟಕ್ಕೊಂದು ಪ್ರಾಣಿ. ಇಲಿಯೂ ಅಂಗೈಯಷ್ಟೇ, ಆನೆಯೂ ಅಂಗೈಯಷ್ಟೇ. ಹದಿನೈದು ಹದಿನೆಂಟು ಅಡಿ ಎತ್ತರದ ಜೀವವೊಂದು ಎದುರಿಗೆ ನಿಂತು ಎಲೆ ಮೇಯುವುದೆಂದರೆ ಏನೆಂಬುದು ಪುಸ್ತಕದಿಂದಾಗಲಿ, ಟಿ.ವಿ.ಯಿಂದಾಗಲಿ ತಿಳಿಯುವಂಥದಲ್ಲ. ಆ ಉದ್ದ ಕುತ್ತಿಗೆಯಲ್ಲಿ ಇರುವುದು ನಮ್ಮ ಕುತ್ತಿಗೆಯಲ್ಲಿರುವಷ್ಟೇ, ಏಳೇ ಮೂಳೆ ಎಂದು ತಾಯಿಯವರಿಗೆ ಹೇಳಿದರೆ ಅವರು ನಂಬಲಿಲ್ಲ. ಮಗನಿಗೆ ಇದೆಲ್ಲ ಬೇಡವಾಗಿತ್ತು. ಹುಲಿಯ ಕಂದಕದ ಬಳಿ ನಾವೆಲ್ಲ ಹುಲಿಯನ್ನು ಹುಡುಕುತ್ತಿದ್ದರೆ ಅವನು ಕಾಲ ಬುಡದ ಅಳಿಲನ್ನು ನೋಡುತ್ತ ಕುಳಿತ. ಗಿಡಕ್ಕೆ ನೀರು ಬಿಡುವ ಪೈಪಿನ ಮುಂದೆ ಕಾಲು ಗಂಟೆ ಹೋಯಿತು. ಹೋಗಲಿ ಬಿಡಿ, ಟಿಕೆಟಿನ ಹಣಕ್ಕೆ ಇಷ್ಟು ಪ್ರಾಣಿ ಎಂದು ತಾಳೆ ನೋಡಲು ಅದು ಸರಕಿನ ಪಟ್ಟಿಯಲ್ಲವಷ್ಟೆ.

ನಾವು ನಿಜವಾಗಿ ಯೋಚನೆಗೆ ಬಿದ್ದದ್ದು ಜಿಂಕೆಗಳ ಆವರಣದ ಹತ್ತಿರ. ಮಗ ಕೈಯಲ್ಲಿದ್ದ ಬಿಸ್ಕತ್ತನ್ನು ಬೇಲಿಯತ್ತ ಚಾಚಿದ. ಅವನ ತಪ್ಪೇನು? ನಮ್ಮ ಮನೆಗಳಲ್ಲಿ ಮಗು ಕಲಿಯುವ ಮೊದಲ ಪಾಠವೇ ಅದು: ಹಸುವಿಗೆ ತುತ್ತು, ಪಾರಿವಾಳಕ್ಕೆ ಕಾಳು, ಇರುವೆಗೆ ಸಕ್ಕರೆ. ತಾಯಿಯವರೂ ಆನೆಗೆ ಕೊಡಲೆಂದು ಅರ್ಧ ಡಜನ್ ಬಾಳೆಹಣ್ಣು ತಂದಿದ್ದರು. ಅಲ್ಲಿದ್ದ ಕಾವಲುಗಾರರು ಮರ್ಯಾದೆಯಿಂದಲೇ ತಡೆದರು. ಪ್ರಾಣಿಗಳಿಗೆ ಸಂದರ್ಶಕರು ತಿನ್ನಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೇ ನಿಷೇಧಿಸುತ್ತದೆ. ಕೆಣಕುವುದು, ಕೂಗಿ ಗದ್ದಲ ಮಾಡುವುದೂ ಅದೇ ಸಾಲಿನಲ್ಲಿವೆ. ಜಿಂಕೆ ಮೆಲುಕು ಹಾಕುವ ಪ್ರಾಣಿ. ಅದರ ಹೊಟ್ಟೆ ಸೊಪ್ಪು ಹುಲ್ಲಿಗೆ ಹೊಂದಿದ್ದು. ಬ್ರೆಡ್ಡು ಬಿಸ್ಕತ್ತು ಹೆಚ್ಚಾದರೆ ಒಳಗೆ ಹುಳಿಯೇರಿ ಸಾಯಲೂಬಹುದು. ತಿಂಡಿಯ ಜೊತೆ ಪ್ಲಾಸ್ಟಿಕ್ ಕವರ್ ಹೋದರಂತೂ ಕರುಳು ಕಟ್ಟಿಕೊಳ್ಳುತ್ತದೆ. ಗೇಟಿನಲ್ಲಿ ಚೀಲ ಬಿಚ್ಚಿಸಿ ನೋಡುವುದು ಇದಕ್ಕೇ. ಅದನ್ನು ಅವಮಾನವೆಂದು ಜಗಳ ಮಾಡುವವರನ್ನು ಕಂಡರೆ ನಮಗೆ ಬೇಸರವಾಗುತ್ತದೆ.

ಬಾಳೆಹಣ್ಣು ಚೀಲಕ್ಕೆ ಮರಳಿತು. ಆದರೆ ತಾಯಿಯವರ ಮನಸ್ಸು ಅಲ್ಲಿಗೆ ನಿಲ್ಲಲಿಲ್ಲ. "ಅಲ್ಲ ಮಗಾ, ಕಟ್ಟಿಹಾಕುವುದೂ ಅತಿಚಾರ ಅಂತ ಸ್ವಾಧ್ಯಾಯದಲ್ಲಿ ಓದುತ್ತೇವೆ. ಇಲ್ಲಿ ದುಡ್ಡು ಕೊಟ್ಟು ನೋಡುತ್ತೇವಲ್ಲ?" ಎಂದರು. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದರಲ್ಲಿ ಬಂಧವೇ ಮೊದಲನೆಯದು. ಪ್ರಶ್ನೆ ಸಣ್ಣದಲ್ಲ. ಇಲ್ಲಿರುವ ಬಹಳಷ್ಟು ಪ್ರಾಣಿಗಳು ಮೃಗಾಲಯಗಳಲ್ಲೇ ಹುಟ್ಟಿದವು, ಈಗ ಕಾಡಿಗೆ ಬಿಟ್ಟರೆ ಬದುಕಲಾರವು ಎಂದೆವು. ಗಾಯಗೊಂಡ, ಊರಿಗೆ ನುಗ್ಗಿ ಸೆರೆಸಿಕ್ಕ ಹುಲಿ ಚಿರತೆಗಳಿಗೆ ಇದೇ ಮೃಗಾಲಯ ಊರಾಚೆ ಕೂರ್ಗಳ್ಳಿಯಲ್ಲಿ ಆಶ್ರಯ ಕೊಟ್ಟಿದೆ ಎಂದೂ ಹೇಳಿದೆವು. ವಯನಾಡಿನಲ್ಲಿ ಹುಲಿಯ ಭಯ ಎಂಥದೆಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರು ತಲೆಯಾಡಿಸಿದರು, ಪೂರ್ತಿ ಒಪ್ಪಲಿಲ್ಲ. ನಮಗೂ ಪೂರ್ತಿ ಒಪ್ಪಿಗೆಯಾಗಿದೆ ಎನ್ನಲಾರೆವು.

ಆಮೇಲೆ ಅವರೇ ದಾರಿ ಕಂಡುಕೊಂಡರು. ಇಲ್ಲಿ ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳುವ ಯೋಜನೆಯೊಂದಿದೆ. ಪ್ರಾಣಿಯನ್ನು ನಾವೇ ಆರಿಸಿ, ಅದರ ಆಹಾರದ ವೆಚ್ಚಕ್ಕೆಂದು ಹಣ ಕಟ್ಟುವುದು. ಪ್ರಾಣಿ ಮನೆಗೆ ಬರುವುದಿಲ್ಲ, ಹೆದರಬೇಡಿ. ಕೊರೋನಾದಿಂದ ಬಾಗಿಲು ಮುಚ್ಚಿ ಟಿಕೆಟಿನ ಆದಾಯ ನಿಂತಾಗ, 2021ರಲ್ಲಿ, ಹೀಗೆ ಮುಂದೆ ಬಂದವರು ಬಹಳ. ಹುಲಿ ಸಿಂಹಕ್ಕೆ ಹಣ ಕಟ್ಟಿದರೆ ಅದು ಮಾಂಸಕ್ಕೇ ಹೋಗುತ್ತದೆ, ಅದು ನಮ್ಮವರಿಗೆ ಹೊಂದದು. ಸೊಪ್ಪು ಹಣ್ಣು ತಿನ್ನುವ ಜೀವಗಳಿಗೇನು ಬರವಿಲ್ಲ. ಬೆಳೆದ ಆನೆಯೊಂದು ದಿನಕ್ಕೆ ನೂರೈವತ್ತು ಕಿಲೋ ಮೇವು ತಿನ್ನುತ್ತದೆ. ಅದು ನಮ್ಮ ಅಂಗಡಿಯ ಅಳತೆಗೆ ಮೀರಿದ್ದು. ತಾಯಿಯವರು ಜಿಂಕೆ ಎಂದರು. ಮಗನ ಹುಟ್ಟುಹಬ್ಬದ ಲೆಕ್ಕಕ್ಕೆಂದು ಕಚೇರಿಯಲ್ಲಿ ಹಣ ಕಟ್ಟಿ, ರಸೀದಿಯನ್ನು ಅವನ ಹೆಸರಿನಲ್ಲೇ ಬರೆಸಿದೆವು.

ಎರಡು ಗಂಟೆಗೆ ಹೊರಟರೆ ಗುಂಡ್ಲುಪೇಟೆಯಲ್ಲಿ ಚಹಾಕ್ಕೆ ನಿಂತರೂ ಸೂರ್ಯಾಸ್ತದೊಳಗೆ ಮನೆಯಲ್ಲೇ ಊಟ ಮಾಡಬಹುದು, ಒಂಬತ್ತರ ಗೇಟಿನ ಚಿಂತೆಯೂ ಇಲ್ಲ. ಮಗುವಿಗೆ ಒಂದು ಜೊತೆ ಬಟ್ಟೆ ಹೆಚ್ಚಿಗೆ ಇಟ್ಟುಕೊಳ್ಳಿ, ಪೈಪಿನ ಕಾರಣಕ್ಕೆ.