ಬೇಸಿನ್ ಅಡಿ ಸೋರಿಕೆ: ಮೇಲೆ ಬಳಿದರೆ ನಿಲ್ಲದು, ವಾಷರ್ ನೋಡಿ

ಕಾಮಸಮುದ್ರ: ಶಾಶ್ವತ ನದಿಗಳಿಲ್ಲದ ಕೋಲಾರ ಜಿಲ್ಲೆಗೆ ಕೊಳವೆಬಾವಿಯ ಗಡಸು ನೀರು ಹೊಸದಲ್ಲ. ಬಂಗಾರಪೇಟೆ ತಾಲ್ಲೂಕಿನ ಈ ಹೋಬಳಿ ಕೇಂದ್ರದಂತಹ ಊರುಗಳಲ್ಲಿ ವಾಷ್ ಬೇಸಿನ್ ಅಡಿಯ ನಟ್‌ನ ಸುತ್ತ ಸುಣ್ಣದಂತಹ ಬಿಳಿ ಪದರ ಕಂಡರೆ ಅದನ್ನು ಕೊಳೆಯೆಂದು ಕಡೆಗಣಿಸುವಂತಿಲ್ಲ. ನೀರು ಜಿನುಗಿ, ಒಣಗಿ, ಲವಣ ಉಳಿಸಿ ಹೋದ ಗುರುತು ಅದು.

ನಲ್ಲಿ ಸೋರಿದರೆ ಸದ್ದು ಕೇಳಿಸುತ್ತದೆ. ಬೇಸಿನ್‌ನ ಅಡಿ ಸೋರುವುದು ಬಳಸಿದಾಗ ಮಾತ್ರ. ಹೀಗಾಗಿ ಗೋಡೆಯ ಬಣ್ಣ ಉಬ್ಬಿದ ಮೇಲೆ ಅಥವಾ ಕೆಳಮನೆಯ ಚಾವಣಿಯಲ್ಲಿ ಕಲೆ ಮೂಡಿದ ಮೇಲಷ್ಟೇ ಗಮನಕ್ಕೆ ಬರುತ್ತದೆ.

ಎರಡು ಜಾಗ, ಎರಡು ಕೆಲಸ

ಬೇಸಿನ್‌ನ ತೂತಿನಲ್ಲಿ ಕೂರುವ ಲೋಹದ ಬಿಡಿಭಾಗವೇ ವೇಸ್ಟ್ ಕಪ್ಲಿಂಗ್. ಇದರ ಸಾಮಾನ್ಯ ಅಳತೆ 32 ಮಿ.ಮೀ. ಮೇಲಿನ ಅಂಚಿಗೆ ಸೀಲಂಟ್, ಕೆಳಗೆ ರಬ್ಬರ್ ವಾಷರ್ ಮತ್ತು ನಟ್ ಇರುತ್ತವೆ. ಮೇಲಂಚಿನ ಬಳಿ ಓವರ್‌ಫ್ಲೋ ತೂತಿರುವ ಬೇಸಿನ್‌ನಲ್ಲಿ ಆ ನೀರು ಒಳದಾರಿಯಿಂದ ಇಳಿದು ಕಪ್ಲಿಂಗ್‌ನ ಬದಿಯ ಸೀಳುಗಳನ್ನು ಸೇರುತ್ತದೆ. ಅಂದರೆ ಕಪ್ಲಿಂಗ್ ಸುತ್ತಲಿನ ಜಾಗಕ್ಕೆ ನೀರು ಬರುವುದು ಸಹಜ. ಅದು ಹೊರಗೆ ಬಾರದಂತೆ ತಡೆಯುವುದು ಕೆಳಗಿನ ವಾಷರ್. ಮೇಲೆ ಎಷ್ಟು ಬಿಳಿ ಸಿಮೆಂಟ್ ಬಳಿದರೂ ಹನಿ ನಿಲ್ಲದಿರುವುದಕ್ಕೆ ಇದೇ ಕಾರಣ.

ಪತ್ತೆ ಹೇಗೆ?

ಅಡಿಭಾಗವನ್ನು ಒಣಬಟ್ಟೆಯಿಂದ ಒರೆಸಿ, ಪ್ಲಗ್ ಹಾಕಿ ಬೇಸಿನ್ ತುಂಬಿಸಬೇಕು. ಹೊರಗೆ ಹನಿ ಬೀಳದೆ ನೀರಿನ ಮಟ್ಟ ಮಾತ್ರ ಇಳಿದರೆ ಪ್ಲಗ್ ಅಥವಾ ಮೇಲಿನ ಸೀಲ್ ಸಡಿಲವಾಗಿದೆ. ಪ್ಲಗ್ ತೆಗೆದಾಗ ನಟ್ ಬಳಿ ಹನಿ ಬಂದರೆ ವಾಷರ್ ಕೆಟ್ಟಿದೆ. ಇನ್ನೂ ಕೆಳಗೆ ಬಂದರೆ ದೋಷ ಬಾಟಲ್ ಟ್ರ್ಯಾಪ್ ಅಥವಾ ವೇಸ್ಟ್ ಪೈಪಿನ ಜೋಡಣೆಯದು.

ದುರಸ್ತಿ ಕ್ರಮ

ಕೆಳಗೆ ಬಕೆಟ್ ಇಟ್ಟು ಪೈಪ್ ಮತ್ತು ನಟ್ ಬಿಚ್ಚಿ, ಕಪ್ಲಿಂಗ್ ಹೊರತೆಗೆಯಬೇಕು. ಹಳೆಯ ಸಿಮೆಂಟ್ ಮತ್ತು ಬಿಳಿ ಪದರವನ್ನು ಪೂರ್ಣವಾಗಿ ಕೆರೆದು ಒಣಗಿಸುವುದು ಮುಖ್ಯ. ತೇವದ ಮೇಲೆ ಸಿಲಿಕಾನ್ ಹಿಡಿಯುವುದಿಲ್ಲ. ಅಂಚಿನ ಕೆಳಗೆ ಸಿಲಿಕಾನ್ ಸೀಲಂಟ್ ಹಚ್ಚಿ ಕಪ್ಲಿಂಗ್ ಕೂರಿಸಿ, ಹೊಸ ವಾಷರ್ ಹಾಕಬೇಕು. ವಾಷರ್‌ನ ಒಂದು ಬದಿ ಓರೆಯಾಗಿದ್ದರೆ ಆ ಬದಿ ಬೇಸಿನ್ ಕಡೆಗಿರಲಿ. ಮರೆಗಳಿಗೆ ಟೆಫ್ಲಾನ್ ಟೇಪ್ ಸುತ್ತುವುದು ನೆರವಾಗುತ್ತದೆ, ಆದರೆ ಅದು ವಾಷರ್‌ಗೆ ಬದಲಿಯಲ್ಲ.

ನಟ್ ಬಿಗಿಸುವಾಗ ಕಪ್ಲಿಂಗ್ ತಿರುಗದಂತೆ ಮೇಲಿನಿಂದ ಹಿಡಿದಿರಬೇಕು. ಅತಿಯಾಗಿ ಬಿಗಿದರೆ ಪಿಂಗಾಣಿಯೇ ಬಿರುಕು ಬಿಟ್ಟೀತು. ಹೊರಗಿನಿಂದ ಎಂ-ಸೀಲ್‌ನಂತಹ ಅಂಟು ಮೆತ್ತಿದರೆ ಅದು ಕಲ್ಲಾಗಿ, ಮುಂದೆ ನಟ್ ಬಿಚ್ಚುವುದೇ ಕಷ್ಟವಾಗುತ್ತದೆ.

ಸಿಲಿಕಾನ್ ಗಟ್ಟಿಯಾಗಲು 24 ಗಂಟೆ ಬಿಟ್ಟು, ಮತ್ತೆ ಬೇಸಿನ್ ತುಂಬಿಸಿ ನೋಡಬೇಕು. ಅಡಿಗೆ ಹಾಸಿದ ಹಳೆಯ ಪತ್ರಿಕೆ ಒಣಗಿಯೇ ಉಳಿದರೆ ಕೆಲಸ ಮುಗಿದಂತೆ. ಚಿಕ್ಕದೊಂದು ವಾಷರ್ ಬದಲಿಸುವ ಖರ್ಚು, ಗೋಡೆ ಕೆರೆದು ಬಣ್ಣ ಬಳಿಸುವ ಖರ್ಚಿನ ಮುಂದೆ ಏನೇನೂ ಅಲ್ಲ.