ಕಾರ್ಟಿನ ಅಂಗಳದಿಂದ ಮೊನಾಕೋ ಬೀದಿಗೆ

2025ನೇ ಇಸವಿಯ ಮೇ 24. ಮೆಡಿಟರೇನಿಯನ್ ಸಮುದ್ರದ ದಡದಲ್ಲಿರುವ ಮೊನಾಕೋ ಎಂಬ ಪುಟ್ಟ ರಾಜ್ಯದ ಬೀದಿಗಳಲ್ಲಿ ಫಾರ್ಮುಲಾ-2 ಕಾರುಗಳ ಸ್ಪ್ರಿಂಟ್ ಓಟ ನಡೆಯಿತು. ಓಟ ಮುಗಿದಾಗ ಮೊಳಗಿದ್ದು ಭಾರತದ ರಾಷ್ಟ್ರಗೀತೆ. ಗೆದ್ದವನು ಬೆಂಗಳೂರಿನ ಕುಶ್ ಮೈನಿ. ಆಗ ಅವನ ವಯಸ್ಸು 24. ಮೊನಾಕೋದಲ್ಲಿ ಫಾರ್ಮುಲಾ-2 ಓಟ ಗೆದ್ದ ಮೊದಲ ಭಾರತೀಯನೆಂಬ ಕೀರ್ತಿ ಅವನಿಗೆ ಸಂದಿತು.

ಈ ಸುದ್ದಿ ನಮ್ಮ ಪತ್ರಿಕೆಗಳ ಆಟೋಟದ ಪುಟದಲ್ಲಿ ಕ್ರಿಕೆಟ್ಟಿನ ಕೆಳಗೆ ಎಲ್ಲೋ ಒಂದು ಮೂಲೆಯಲ್ಲಿ ಬಂದು ಹೋಯಿತು. ಆದರೆ ಹುಡುಗರ ಕಣ್ಣು ತಪ್ಪಲಿಲ್ಲ. ತಮಿಳುನಾಡಿನ ಸೇಲಂ ಜಿಲ್ಲೆಯ ನಂಗವಳ್ಳಿ, ಮೆಟ್ಟೂರು ಅಣೆಕಟ್ಟಿನಿಂದ ಹೆಚ್ಚು ದೂರವಿಲ್ಲದ, ಮಗ್ಗದ ಸದ್ದು ಕೇಳುವ ಊರು. ಅಲ್ಲಿಯೂ ಕನ್ನಡ ಮನೆಮಾತಿನವರಿದ್ದಾರೆ. ನಮ್ಮಲ್ಲಿ ಹೊಸಿಲು ದಾಟಿದರೆ ಮಲಯಾಳ, ಅಲ್ಲಿ ದಾಟಿದರೆ ತಮಿಳು, ಅಷ್ಟೇ ವ್ಯತ್ಯಾಸ. ಅಲ್ಲಿನ ನೆಂಟರ ಮನೆಯ ಹುಡುಗನೊಬ್ಬ ಕೇಳಿದ: “ಮಾಮ, ಬೆಂಗಳೂರಿನವರಿಗೆ ಆಗುವುದಾದರೆ ನಮ್ಮೂರಿನವರಿಗೆ ಯಾಕೆ ಆಗುವುದಿಲ್ಲ?”

ಪ್ರಶ್ನೆ ಸಣ್ಣದಲ್ಲ. ಆಗುತ್ತದೆ ಎಂದು ಸುಮ್ಮನೆ ಬೆನ್ನು ತಟ್ಟಿದರೆ ಸುಳ್ಳು ಆಸೆ ಹುಟ್ಟಿಸಿದಂತೆ. ಆಗುವುದಿಲ್ಲ ಎಂದರೆ ಚಿಗುರನ್ನು ಚಿವುಟಿದಂತೆ. ಈ ಏಣಿಗೆ ಮೆಟ್ಟಿಲುಗಳೆಷ್ಟು, ಒಂದೊಂದು ಮೆಟ್ಟಿಲಿನಲ್ಲಿ ತೆರಬೇಕಾದ ಸುಂಕವೇನು ಎಂಬುದನ್ನು ಮಕ್ಕಳಿಗೂ ಹೆತ್ತವರಿಗೂ ಬಿಡಿಸಿ ಹೇಳುವುದೇ ಸರಿಯಾದ ಉತ್ತರ.

ಮೊದಲ ಮೆಟ್ಟಿಲು: ಕಾರ್ಟ್

ಜಗತ್ತಿನ ದೊಡ್ಡ ರೇಸ್ ಚಾಲಕರಲ್ಲಿ ಹೆಚ್ಚಿನವರು ಎಳೆ ವಯಸ್ಸಿನಲ್ಲಿ ಏರಿ ಕುಳಿತದ್ದು ಕಾರ್ಟ್ ಎಂಬ ಪುಟ್ಟ ಗಾಡಿಯ ಮೇಲೆ. 1956ರಲ್ಲಿ ಅಮೆರಿಕಾದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ಎಂಬಾತ ಕಬ್ಬಿಣದ ಕೊಳವೆಗಳನ್ನು ಬೆಸೆದು, ಹುಲ್ಲು ಕತ್ತರಿಸುವ ಯಂತ್ರದ ಇಂಜಿನನ್ನು ಕೂರಿಸಿ ಮಾಡಿದ ಗಾಡಿಯೇ ಇದರ ಮೂಲ ಎನ್ನುತ್ತಾರೆ. ನೋಡುವುದಕ್ಕೆ ಆಟಿಕೆ. ಆದರೆ ಕಲಿಸುವ ವಿಷಯದಲ್ಲಿ ಇದಕ್ಕಿಂತ ಕಠಿಣ ಗುರು ಇಲ್ಲ.

ಕಾರ್ಟಿಗೆ ಸ್ಪ್ರಿಂಗು ಇಲ್ಲ, ಶಾಕ್ ಅಬ್ಸಾರ್ಬರ್ ಇಲ್ಲ. ನೆಲದ ಒಂದೊಂದು ಕುಲುಕೂ ನೇರವಾಗಿ ಚಾಲಕನ ಬೆನ್ನುಮೂಳೆಗೆ ತಾಗುತ್ತದೆ. ಹಿಂದಿನ ಎರಡು ಚಕ್ರಗಳು ಒಂದೇ ಅಚ್ಚಿಗೆ ಬಿಗಿದಿರುವುದರಿಂದ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ, ಒಳಗಿನದು ಕಡಿಮೆ ದೂರ ಓಡಬೇಕಲ್ಲವೇ? ನಮ್ಮ ಜೀಪು, ಕಾರುಗಳಲ್ಲಿ ಈ ವ್ಯತ್ಯಾಸವನ್ನು ಸರಿದೂಗಿಸಲು ಡಿಫರೆನ್ಷಿಯಲ್ ಇದೆ. ಕಾರ್ಟಿನಲ್ಲಿ ಅದೂ ಇಲ್ಲ. ಆದುದರಿಂದ ತಿರುವಿನಲ್ಲಿ ಒಳಬದಿಯ ಹಿಂಚಕ್ರ ನೆಲದಿಂದ ಕೂದಲೆಳೆಯಷ್ಟು ಎದ್ದರೆ ಮಾತ್ರ ಗಾಡಿ ಸಲೀಸಾಗಿ ತಿರುಗುತ್ತದೆ. ಸ್ಟಿಯರಿಂಗು, ಬ್ರೇಕು ಮತ್ತು ದೇಹದ ಭಾರವನ್ನು ಹದವಾಗಿ ಬಳಸಿ ಚಕ್ರವನ್ನು ಹೀಗೆ ಎಬ್ಬಿಸುವುದನ್ನು ಏಳೆಂಟು ವರ್ಷದ ಮಗು ಪುಸ್ತಕವಿಲ್ಲದೆ ಕಲಿಯುತ್ತದೆ. ಹತ್ತು ವರ್ಷ ಹೀಗೆ ಪಳಗಿದವನ ಎದುರು, ಇಪ್ಪತ್ತನೇ ವಯಸ್ಸಿನಲ್ಲಿ ಮೊದಲ ಬಾರಿಗೆ ರೇಸ್ ಕಾರು ಹತ್ತಿದವನು ನಿಲ್ಲುವುದು ಕಷ್ಟ.

ಕಾರ್ಟಿನ ನಂತರ ಬರುವುದು ತೆರೆದ ಚಕ್ರದ ಕಾರು. ಅಂದರೆ ಮಡ್‌ಗಾರ್ಡಿಲ್ಲದೆ ನಾಲ್ಕು ಚಕ್ರಗಳೂ ಹೊರಗೆ ಕಾಣುವ, ಒಬ್ಬನೇ ಕೂರುವ ಕಾರು. ಇದರಲ್ಲಿ ಫಾರ್ಮುಲಾ-4, ಫಾರ್ಮುಲಾ-3, ಫಾರ್ಮುಲಾ-2 ಎಂದು ಮೆಟ್ಟಿಲುಗಳು. ಶಾಲೆಯ ತರಗತಿಗಳ ಅಂಕೆ ಏರುತ್ತಾ ಹೋದರೆ ಇಲ್ಲಿ ಇಳಿಯುತ್ತಾ ಹೋಗುತ್ತದೆ. ಕೊನೆಯದು ಫಾರ್ಮುಲಾ-1. ಅದಕ್ಕೆ ‘ಸೂಪರ್ ಲೈಸೆನ್ಸ್’ ಬೇಕು. ಮೂರು ವರ್ಷಗಳ ಓಟಗಳಿಂದ ಒಟ್ಟು 40 ಅಂಕ ಕೂಡಿಸಿದವನಿಗೆ ಮಾತ್ರ ಅದು ದೊರೆಯುತ್ತದೆ. ಫಾರ್ಮುಲಾ-2ರಲ್ಲಿ ವರ್ಷದ ಕೊನೆಗೆ ಮೊದಲ ಮೂವರೊಳಗೆ ಬಂದರೆ 40 ಅಂಕವೂ ಒಮ್ಮೆಗೇ ಕೈಸೇರುತ್ತದೆ.

ಅಣ್ಣ ಮತ್ತು ತಮ್ಮ

ಮೈನಿ ಮನೆಯಿಂದ ಈ ಏಣಿ ಹತ್ತಿದವರು ಇಬ್ಬರು. ಅಣ್ಣ ಅರ್ಜುನ್ ಹುಟ್ಟಿದ್ದು 1997ರಲ್ಲಿ, ತಮ್ಮ ಕುಶ್ 2000ದಲ್ಲಿ. ಇಬ್ಬರ ಆರಂಭವೂ ಕಾರ್ಟಿನಲ್ಲಿಯೇ. 2011ರಲ್ಲಿ ಫೋರ್ಸ್ ಇಂಡಿಯಾ ತಂಡವು ದೇಶದಾದ್ಯಂತ ಎಳೆಯ ಚಾಲಕರನ್ನು ಹುಡುಕಿತು. ಆಯ್ಕೆಯಾದ ಹುಡುಗರಲ್ಲಿ ಅರ್ಜುನ್ ಒಬ್ಬ. 2014ರಲ್ಲಿ ಇಂಗ್ಲೆಂಡಿನ ಬಿ.ಆರ್.ಡಿ.ಸಿ. ಫಾರ್ಮುಲಾ-4 ಪಂದ್ಯಾವಳಿಯಲ್ಲಿ ಕೊನೆಯವರೆಗೂ ಹೋರಾಡಿ ಎರಡನೆಯವನಾದ. ಅಂದು ಅವನನ್ನು ಹಿಂದಿಕ್ಕಿದವನು ಜಾರ್ಜ್ ರಸೆಲ್. ಆ ರಸೆಲ್ ಮುಂದೆ ಫಾರ್ಮುಲಾ-1ರಲ್ಲಿ ಮರ್ಸಿಡಿಸ್ ತಂಡದ ಚಾಲಕನಾಗಿ ಓಟಗಳನ್ನು ಗೆದ್ದ.

ಅರ್ಜುನ್ 2017ರ ಮೇ ತಿಂಗಳಲ್ಲಿ ಬಾರ್ಸಿಲೋನಾದಲ್ಲಿ ಜಿ.ಪಿ.-3 ಓಟ ಗೆದ್ದು, ಆ ದರ್ಜೆಯಲ್ಲಿ ಗೆದ್ದ ಮೊದಲ ಭಾರತೀಯನಾದ. 2018ರಲ್ಲಿ ಫಾರ್ಮುಲಾ-2 ತಲುಪಿದ. ಆದರೆ ಆ ವರ್ಷ ಅವನ ಪಾಲಿಗೆ ಕಹಿಯಾಯಿತು. ಇಂಗ್ಲೆಂಡಿನ ಸಿಲ್ವರ್‌ಸ್ಟನ್‌ನಲ್ಲಿ ಓಟ ಮುಗಿದ ಮೇಲೆ ಅವನದೇ ತಂಡದ ಇನ್ನೊಬ್ಬ ಚಾಲಕ ಬೇಕೆಂದೇ ಅವನ ಕಾರಿಗೆ ಗುದ್ದಿದ. ತೀರ್ಪುಗಾರರು ಆ ಚಾಲಕನಿಗೆ ನಾಲ್ಕು ಓಟಗಳ ನಿಷೇಧ ಹಾಕಿದರು. ಅರ್ಜುನ್‌ಗೆ ಫಾರ್ಮುಲಾ-1ರ ಬಾಗಿಲು ತೆರೆಯಲಿಲ್ಲ. ಆದರೂ ಅವನು ಸ್ಟಿಯರಿಂಗು ಬಿಡಲಿಲ್ಲ. ಬೇರೆ ಬಗೆಯ ಕಾರುಗಳಿಗೆ ಹೊರಳಿ, 2021ರಲ್ಲಿ ಜರ್ಮನಿಯ ಪ್ರಸಿದ್ಧ ಡಿ.ಟಿ.ಎಂ. ಪಂದ್ಯಾವಳಿಗೆ ಇಳಿದ ಮೊದಲ ಭಾರತೀಯನಾದ. ಏಣಿಯ ತುದಿ ಮುಟ್ಟದವನು ಸೋತವನೆಂದು ತಿಳಿಯುವ ನಮ್ಮ ಅಭ್ಯಾಸಕ್ಕೆ ಅಣ್ಣನ ಬದುಕೇ ಉತ್ತರ.

ತಮ್ಮನ ದಾರಿ ಇನ್ನೂ ಸುತ್ತಿನದು. 2016ರಲ್ಲಿ ಇಟಲಿಯ ಫಾರ್ಮುಲಾ-4. 2018ರಲ್ಲಿ ಬ್ರಿಟಿಷ್ ಫಾರ್ಮುಲಾ-3ರಲ್ಲಿ ಮೂರನೇ ಸ್ಥಾನ. 2020ರಲ್ಲಿ ಅದರಲ್ಲಿಯೇ ಎರಡನೇ ಸ್ಥಾನ. 2022ರಲ್ಲಿ ಡಚ್ ತಂಡವಾದ ಎಂ.ಪಿ. ಮೋಟಾರ್‌ಸ್ಪೋರ್ಟ್ ಪರವಾಗಿ ಅಂತಾರಾಷ್ಟ್ರೀಯ ಫಾರ್ಮುಲಾ-3; 2023ರಲ್ಲಿ ಫಾರ್ಮುಲಾ-2. ಅದೇ ವರ್ಷ ಫ್ರಾನ್ಸಿನ ಆಲ್ಪೀನ್ ಕಂಪೆನಿಯ ಎಳೆಯ ಚಾಲಕರ ತಂಡಕ್ಕೆ ಸೇರಿದ. 2025ರಲ್ಲಿ ಆಲ್ಪೀನ್ ಫಾರ್ಮುಲಾ-1 ತಂಡದ ಪರೀಕ್ಷಾ ಮತ್ತು ಮೀಸಲು ಚಾಲಕನಾದ.

ನಿಯಮದ ತಕ್ಕಡಿ

ಫಾರ್ಮುಲಾ-2ರ ವಿಶೇಷವೆಂದರೆ ಎಲ್ಲರಿಗೂ ಒಂದೇ ಬಗೆಯ ಕಾರು. ಚೌಕಟ್ಟು ಇಟಲಿಯ ಡಲ್ಲಾರಾದ್ದು, ಇಂಜಿನು ಫ್ರಾನ್ಸಿನ ಮೆಕಾಕ್ರೋಮ್‌ನದು. ಶಕ್ತಿ ಸುಮಾರು 620 ಅಶ್ವಶಕ್ತಿ. ಇಲ್ಲಿ ಸಾಮರ್ಥ್ಯ ಅಳೆಯುವುದು ಗಡಿಯಾರ. ಆ ಗಡಿಯಾರಕ್ಕೂ ಮೇಲೆ ನಿಯಮ ಪುಸ್ತಕ.

2024ರ ಮೊದಲ ಪಂದ್ಯ ಬಹರೈನ್‌ನಲ್ಲಿ. ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿ ಮೊದಲ ಸಾಲಿನ ಮೊದಲ ಸ್ಥಾನ ಗಳಿಸಿದವನು ಕುಶ್. ಸಂಭ್ರಮ ಹೆಚ್ಚು ಹೊತ್ತು ಉಳಿಯಲಿಲ್ಲ. ತಪಾಸಣೆಯಲ್ಲಿ ಕಾರು ತಾಂತ್ರಿಕ ನಿಯಮಕ್ಕೆ ಹೊಂದಲಿಲ್ಲವೆಂದು ಆ ಸ್ಥಾನ ರದ್ದಾಯಿತು. ಅದೇ ವರ್ಷ ಜುಲೈಯಲ್ಲಿ ಹಂಗೆರಿಯ ಸ್ಪ್ರಿಂಟ್ ಓಟ. ಮೊದಲು ಗುರಿ ಮುಟ್ಟಿದವನು ಹಾಲೆಂಡಿನ ರಿಚರ್ಡ್ ವರ್ಸ್ಕೂರ್, ಅವನ ಹಿಂದೆ ಕುಶ್. ಈ ಬಾರಿ ನಿಯಮಕ್ಕೆ ಹೊಂದದ್ದು ವರ್ಸ್ಕೂರನ ಕಾರು. ಅವನು ಅನರ್ಹನಾದ, ಗೆಲುವು ಕುಶ್‌ಗೆ ಬಂತು. ಫೆಬ್ರವರಿಯಲ್ಲಿ ಕಸಿದುಕೊಂಡ ತಕ್ಕಡಿಯೇ ಜುಲೈಯಲ್ಲಿ ಕೊಟ್ಟಿತು. ಎರಡು ಸಲವೂ ತೂಕದ ಕಲ್ಲು ಒಂದೇ.

ಆ ವರ್ಸ್ಕೂರನ ಕತೆಯೂ ತಿಳಿಯತಕ್ಕದ್ದು. ಕಾರ್ಟಿನಿಂದ ಬಂದ ಈ ಡಚ್ ಹುಡುಗ 2016ರಲ್ಲಿ, ಹದಿನಾರು ತುಂಬುವ ಮೊದಲೇ, ಸ್ಪೇನಿನ ಫಾರ್ಮುಲಾ-4 ಚಾಂಪಿಯನ್ ಆದ. ರೆಡ್ ಬುಲ್ ಕಂಪೆನಿ ಅವನನ್ನು ತನ್ನ ಎಳೆಯರ ತಂಡಕ್ಕೆ ಸೇರಿಸಿಕೊಂಡಿತು. 2017ರ ನಂತರ ಕೈಬಿಟ್ಟಿತು. ಎದೆಗುಂದದೆ ಅವನು 2019ರಲ್ಲಿ ಪ್ರಸಿದ್ಧ ಮಕಾವ್ ಓಟ ಗೆದ್ದ, 2021ರಿಂದ ಫಾರ್ಮುಲಾ-2ರಲ್ಲಿ ಓಡಿದ. ಅವನದೇ ದೇಶದ ಮ್ಯಾಕ್ಸ್ ವರ್ಸ್ಟಾಪನ್ ಹದಿನೇಳನೇ ವಯಸ್ಸಿನಲ್ಲಿ, 2015ರಲ್ಲಿ, ಫಾರ್ಮುಲಾ-1ಕ್ಕೆ ಜಿಗಿದು 2021ರಿಂದ 2024ರವರೆಗೆ ನಾಲ್ಕು ಸಲ ವಿಶ್ವ ಚಾಂಪಿಯನ್ ಆದುದನ್ನು ಎಲ್ಲರೂ ಬಲ್ಲರು. ಒಬ್ಬ ವರ್ಸ್ಟಾಪನ್ ಹಿಂದೆ ಇಂಥ ಹಲವು ವರ್ಸ್ಕೂರರು ಇದ್ದಾರೆಂಬುದನ್ನು ಬಲ್ಲವರು ಕಡಿಮೆ.

ಮೊನಾಕೋ ಗೆಲುವಿನಲ್ಲಿಯೂ ಒಂದು ಸೂಕ್ಷ್ಮವಿದೆ. ಸ್ಪ್ರಿಂಟ್ ಓಟದಲ್ಲಿ ಅರ್ಹತಾ ಸುತ್ತಿನ ಮೊದಲ ಹತ್ತು ಮಂದಿಯನ್ನು ತಲೆಕೆಳಗು ಮಾಡಿ ನಿಲ್ಲಿಸುತ್ತಾರೆ, ಹತ್ತನೆಯವನು ಮೊದಲನೆಯವನಾಗುತ್ತಾನೆ. ಕುಶ್ ಹಾಗೆ ಮುಂದೆ ನಿಂತಿದ್ದ. ಮೊನಾಕೋದ ಬೀದಿ ಕಿರಿದು, ಹಿಂದಿನಿಂದ ಬಂದು ದಾಟುವುದು ಬಹಳ ಕಷ್ಟ. ಹಾಗೆಂದು ಇದು ಅದೃಷ್ಟದ ಗೆಲುವಲ್ಲ. ಎರಡು ಬದಿಗೂ ಕಬ್ಬಿಣದ ತಡೆ; ಒಂದು ಗೇಣು ತಪ್ಪಿದರೆ ಚಕ್ರ ಮುರಿಯುತ್ತದೆ. ಮೂವತ್ತು ಸುತ್ತು ತಪ್ಪದೆ ಓಡಿಸಿದವನಿಗೇ ಆ ಅದೃಷ್ಟ ದಕ್ಕುವುದು.

ಕೋಣವೂ ಓಟಗಾರನೇ ತರಬೇಕು

ಇನ್ನು ಸುಂಕದ ಮಾತು. ನಮ್ಮ ಕರಾವಳಿಯ ಕಂಬಳದಲ್ಲಿ ಕೋಣ ಯಜಮಾನನದು, ಓಡಿಸುವವನು ಬೇರೆ. ಮೇವು, ಎಣ್ಣೆ, ಹುರುಳಿಯ ಖರ್ಚು ಯಜಮಾನನ ಮೇಲೆ. ಓಡಿಸುವವನಿಗೆ ಬೇಕಾದದ್ದು ಕಾಲಿನ ಬಲ, ಎದೆಯ ಧೈರ್ಯ. 2020ರಲ್ಲಿ ಐಕಳದ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿ ಲೋಕಪ್ರಸಿದ್ಧನಾದ ಮೂಡುಬಿದಿರೆಯ ಶ್ರೀನಿವಾಸ ಗೌಡ ಕಟ್ಟಡ ಕೆಲಸ ಮಾಡುತ್ತಿದ್ದವನು. ಕೋಣ ಸಾಕುವ ಶಕ್ತಿ ಅವನಿಗೆ ಬೇಕಾಗಲಿಲ್ಲ.

ಮೋಟಾರು ಓಟದ ಕೆಳಗಿನ ಮೆಟ್ಟಿಲುಗಳಲ್ಲಿ ಹಾಗಲ್ಲ. ಇಲ್ಲಿ ಓಟಗಾರನೇ ಕೋಣವನ್ನೂ ತರಬೇಕು. ಕಾರ್ಟ್, ಟಯರು, ಮೆಕ್ಯಾನಿಕ್, ಪ್ರಯಾಣ ಎಲ್ಲಕ್ಕೂ ಮನೆಯವರ ಕೈಯಿಂದಲೇ ಹಣ. ಮೇಲೇರಿದಂತೆ ತಂಡದಲ್ಲಿ ಒಂದು ಆಸನಕ್ಕೆ ವರ್ಷಕ್ಕೆ ಕೋಟಿಗಟ್ಟಲೆ ಬೇಕು. ಅದನ್ನು ಹೆತ್ತವರೋ ಪ್ರಾಯೋಜಕರೋ ತುಂಬಬೇಕು. ಮೈನಿ ಸಹೋದರರ ಮನೆತನ ಬೆಂಗಳೂರಿನ ಹೆಸರಾಂತ ಉದ್ಯಮಿಗಳದು; 2001ರಲ್ಲಿ ‘ರೇವಾ’ ಎಂಬ ವಿದ್ಯುತ್ ಕಾರನ್ನು ಮಾರುಕಟ್ಟೆಗೆ ತಂದ ಚೇತನ್ ಮೈನಿ ಅದೇ ಮನೆಯವರು. ವರ್ಸ್ಟಾಪನ್‌ನ ತಂದೆ ಸ್ವತಃ ಫಾರ್ಮುಲಾ-1 ಚಾಲಕ. ಇದನ್ನು ಹೇಳುವುದರಿಂದ ಆ ಹುಡುಗರ ಸಾಧನೆ ಕಿರಿದಾಗುವುದಿಲ್ಲ. ಹಣವಿದ್ದ ಮಾತ್ರಕ್ಕೆ ಗಡಿಯಾರ ನಿಧಾನವಾಗಿ ಓಡುವುದಿಲ್ಲ. ಆದರೆ ಮಗ್ಗದ ಮನೆಯ ಹುಡುಗನಿಗೆ ಈ ಮಾತನ್ನು ಮರೆಮಾಚಿ ಬರಿಯ ಪರಿಶ್ರಮದ ಪಾಠ ಹೇಳಿದರೆ ಅದು ಅನ್ಯಾಯ. ನಾಳೆ ತನ್ನಿಂದಾಗದಿದ್ದಾಗ ಅವನು ತನ್ನನ್ನೇ ಹಳಿದುಕೊಳ್ಳುತ್ತಾನೆ.

ಕೊಯಮತ್ತೂರಿನ ದಾರಿ

ಹಾಗಾದರೆ ನಂಗವಳ್ಳಿಯವರಿಗೆ, ನಮ್ಮವರಿಗೆ ಇದರಲ್ಲಿ ಏನೂ ಇಲ್ಲವೇ? ಇದೆ. ನಂಗವಳ್ಳಿಯಿಂದ ಒಂದು ದಿಕ್ಕಿಗೆ ಬೆಂಗಳೂರು, ಇನ್ನೊಂದು ದಿಕ್ಕಿಗೆ ಕೊಯಮತ್ತೂರು. ಭಾರತದ ಮೋಟಾರು ಓಟಕ್ಕೆ ತಳಪಾಯ ಹಾಕಿದ ಊರುಗಳಲ್ಲಿ ಕೊಯಮತ್ತೂರು ಮುಖ್ಯವಾದುದು. ಅಲ್ಲಿನ ಎಸ್. ಕರಿವರ್ಧನ್ ಎಂಬವರು ಮಾರುತಿ ಕಾರಿನ ಇಂಜಿನನ್ನು ಬಳಸಿ ‘ಫಾರ್ಮುಲಾ ಮಾರುತಿ’ ಎಂಬ ಅಗ್ಗದ ರೇಸ್ ಕಾರನ್ನು ನಮ್ಮ ನೆಲದಲ್ಲಿಯೇ ಕಟ್ಟಿದರು. 1995ರಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು. 2003ರಲ್ಲಿ ಚೆಟ್ಟಿಪಾಳಯದಲ್ಲಿ ಆರಂಭವಾದ ಸುಮಾರು 2.1 ಕಿಲೋಮೀಟರ್ ಉದ್ದದ ಓಟದ ಪಥಕ್ಕೆ ಅವರದೇ ಹೆಸರಿದೆ. ಆ ಫಾರ್ಮುಲಾ ಮಾರುತಿಯಲ್ಲಿ ಪಳಗಿದ ಕೊಯಮತ್ತೂರಿನ ನರೇನ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ-1ರಲ್ಲಿ ಓಡಿದ ಮೊದಲ ಭಾರತೀಯರಾದರು.

ಒಬ್ಬ ಚಾಲಕನ ಹಿಂದೆ ಹತ್ತಾರು ಕೈಗಳು ಬೇಕು. ಟಯರು ಕಳಚಿ ಹಾಕುವವರು, ಇಂಜಿನು ಬಿಚ್ಚಿ ಕಟ್ಟುವವರು, ಬೆಸುಗೆ ಹಾಕುವವರು, ಕಂಪ್ಯೂಟರಿನಲ್ಲಿ ಅಂಕಿಅಂಶ ಓದುವವರು, ಪಥದ ಬದಿಯಲ್ಲಿ ಬಾವುಟ ಹಿಡಿದು ನಿಲ್ಲುವವರು, ನಿಯಮ ನೋಡುವವರು. ಬಹರೈನ್‌ನಲ್ಲಿಯೂ ಹಂಗೆರಿಯಲ್ಲಿಯೂ ಫಲಿತಾಂಶ ಬದಲಿಸಿದವರು ಚಾಲಕರಲ್ಲ. ಕಾರನ್ನು ಅಳೆದು ನೋಡಿದ ತಪಾಸಕರು. ಈ ಬಾಗಿಲುಗಳಲ್ಲಿ ಕೋಟಿ ಕೇಳುವುದಿಲ್ಲ, ಐ.ಟಿ.ಐ.ಯ ಸರ್ಟಿಫಿಕೇಟು, ಪಾಲಿಟೆಕ್ನಿಕ್ಕಿನ ಡಿಪ್ಲೊಮಾ, ಕೈಯ ಕಸಬು ಕೇಳುತ್ತಾರೆ. 2023ರಲ್ಲಿ ಭಾರತದ್ದೇ ಆದ ಫಾರ್ಮುಲಾ-4 ಪಂದ್ಯಾವಳಿ ಆರಂಭವಾಯಿತು. ಬೆಂಗಳೂರಿನ ರುಹಾನ್ ಆಳ್ವರಂಥ ಎಳೆಯರು ಅದರಲ್ಲಿ ಓಡಿದರು. 2024ರಲ್ಲಿ ಚೆನ್ನೈಯ ಬೀದಿಯಲ್ಲಿ ರಾತ್ರಿ ದೀಪದ ಬೆಳಕಿನಲ್ಲಿಯೂ ಓಟ ನಡೆಯಿತು. ಓಟ ಹೆಚ್ಚಿದಂತೆ ಕಸಬುದಾರರ ಅಗತ್ಯವೂ ಹೆಚ್ಚುತ್ತದೆ.

ವೇಗಕ್ಕೆ ಪಥವಿದೆ

ಕೊನೆಯದಾಗಿ ಹೆತ್ತವರಿಗೆ ಒಂದು ಮಾತು. ಫಾರ್ಮುಲಾ-2ರ ಚಾಲಕನ ತಲೆಗೆ ಹೆಲ್ಮೆಟ್ಟು, ಮೇಲೆ ‘ಹೇಲೋ’ ಎಂಬ ಲೋಹದ ಕಾವಲು, ಮೈಗೆ ಬೆಂಕಿ ತಡೆಯುವ ಉಡುಪು, ಬದಿಯಲ್ಲಿ ವೈದ್ಯರು. 2024ರ ಸೆಪ್ಟೆಂಬರಿನಲ್ಲಿ ಬಾಕುವಿನಲ್ಲಿ ಆರಂಭದ ಗೆರೆಯ ಮೇಲೆಯೇ ಕುಶ್‌ನ ಕಾರು ನಿಂತುಹೋಗಿ ಹಿಂದಿನಿಂದ ಬಂದ ಕಾರು ಭಯಂಕರವಾಗಿ ಗುದ್ದಿತು. ಆದರೂ ಅವನು ಬದುಕಿ ಮತ್ತೆ ಓಡಿದ್ದು ಈ ಏರ್ಪಾಡುಗಳಿಂದ. ನಮ್ಮ ರಾಷ್ಟ್ರೀಯ ಹೆದ್ದಾರಿಯಲ್ಲಿ ಇಬ್ಬರು ಗೆಳೆಯರನ್ನು ಹಿಂದೆ ಕೂರಿಸಿಕೊಂಡು ಬೈಕು ಹಾರಿಸುವ ಹುಡುಗನಿಗೆ ಇವುಗಳಲ್ಲಿ ಒಂದೂ ಇಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪ್ರಾಪ್ತ ವಯಸ್ಕನ ಕೈಗೆ ವಾಹನ ಕೊಟ್ಟರೆ ಹೆತ್ತವರಿಗೆ ಅಥವಾ ವಾಹನದ ಒಡೆಯನಿಗೆ 25,000 ರೂಪಾಯಿ ದಂಡ, ಮೂರು ವರ್ಷಗಳವರೆಗೆ ಸಜೆ. ಕಾನೂನಿನ ಭಯಕ್ಕಿಂತ ದೊಡ್ಡದು ಬಾಗಿಲಲ್ಲಿ ಕಾಯುವ ತಾಯಿಯ ಭಯ.

ಮಕ್ಕಳ ವೇಗದ ಆಸೆಯನ್ನು ಗದರಿಸಿ ಕೊಲ್ಲುವುದು ಬೇಡ. ಮಾರ್ಗದಲ್ಲಿ ಹರಿಯಬಿಡುವುದೂ ಬೇಡ. ಕುಶ್‌ನ ಗೆಲುವನ್ನು ತೋರಿಸುವಾಗ ಅರ್ಜುನನ ಹೊರಳುದಾರಿಯನ್ನೂ, ವರ್ಸ್ಕೂರನ ಅನರ್ಹತೆಯನ್ನೂ, ಕರಿವರ್ಧನರ ಕಾರ್ಖಾನೆಯನ್ನೂ ತೋರಿಸೋಣ. ಸ್ಟಿಯರಿಂಗು ಒಬ್ಬನ ಕೈಗೇ ಸಿಗುವುದು. ಸ್ಪಾನರು ಹಿಡಿಯುವ ಕೈಗಳಿಗೆ ಮಾತ್ರ ಅಲ್ಲಿ ಎಂದೂ ಜಾಗವಿದೆ.